ದಿನ್ನಿ ಓಣಿಯ ಒಂಟಿ ಹಲ್ಲು

…ಅಲ್ಲಪಾ, ಆ ಮಿಷನ್ನು ರಸ್ತಾ ಬಾಜೂಕ ಗುರ್ ಗುರ್ ಅಂತ ತೋಡಾಕತ್ತೈತಿ ಅಂತ ಹಿಂಗ ತಾಟು ಅರ್ಧಕ್ಕ ಬಿಟ್ಟು ಓಡೂದಾ? ಹೋಗಿ ನೋಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಬಾಯಾಗ ಚೂಪಗ ಹಲ್ಲು ಅದಾವಲ್ಲ, ಅಂಥಾದ್ದೊಂದು ಹಲ್ಲು ಈ ಎರಡು ಕೈಲೆ ನಾ ಮಾಡೀನಿ. ನಗಬ್ಯಾಡ ತಂಗಿ, ಬೇಕಾದ್ರ ನಿಮ್ಮಪ್ಪನ್ನ ಕೇಳು. ಅಲ್ಲ, ಅವಗೇನು ನೆನಪಿರತೈತಿ, ಆಂವ ಆಗ ಕುಲುಮಿ ಮೂಲ್ಯಾಗ ಜೋಲ್ಯಾಗ ಮಲಗತಿದ್ದ ಕೂಸು. ಒಳಗ ಅಡ್ಡಾಗ್ಯಾರಲ್ಲ ನಿಮ್ಮ ಮುತ್ಯಾ, ನಮ್ಮ ಯಜಮಾನ್ರು, ಅವರನ್ನ ಕೇಳ್ರಿ. ಟ್ರ್ಯಾಕ್ಟರ್ ಹಿಂದ ಕಟ್ಟಿ ನೆಲಾ ಸೀಳೋ ಹಲ್ಲು ಅದು. ಈಗಿನವ್ರು ರಿಪ್ಪರ್ ಅಂತಾರಂತ, ನಮಗ ಆ ಹೆಸರು ಗೊತ್ತಿರಲಿಲ್ಲ, ನಾವು ಹಲ್ಲು ಅಂದ್ವಿ, ಊರೆಲ್ಲಾ ಹಲ್ಲ ಅಂತು. ಬರ್ರಿ, ಕುಂದರ್ರಿ ಇಲ್ಲೆ ಕಟ್ಟಿ ಮ್ಯಾಲೆ. ಮಿಷನ್ನು ಎಲ್ಲೂ ಓಡಿ ಹೋಗಂಗಿಲ್ಲ.

ಆಗ ನಮ್ಮ ಮನ್ಯಾಗ ಭಾಳ ಬಿಗಿ ದಿನ ನಡದಿದ್ವು. ನಾವು ಕಂಬಾರ್ರು, ಊರಿಗೆ ಕೊಡ್ಲಿ, ಕುಡಗೋಲು, ಕುಂಟಿ, ಕೂರಿಗಿ ಎಲ್ಲಾ ನಮ್ಮ ಕುಲುಮಿಯಿಂದನ ಹೋಗಬೇಕು. ನಿಮ್ಮ ಮುತ್ಯಾನ ಕೈ ಅಂದ್ರ ಇರಕಲ್ಲಗಡದ ಸುತ್ತಮುತ್ತ ಎಲ್ಲಾ ಹಳ್ಳ್ಯಾಗ ಹೆಸರಿತ್ತು. ಒಂದಿನ ಏನಾತು, ಬಂಡಿ ಗಾಲಿಗೆ ಕಬ್ಬಿಣದ ಪಟ್ಟಾ ಏರಸೋ ಮುಂದ ಗಾಲಿ ಜಾರಿ ಅವರ ಬಲಗೈ ಭುಜದ ಮ್ಯಾಲೆ ಬಿತ್ತು. ಕೊಪ್ಪಳ ದವಾಖಾನಿಗೆ ಒಯ್ದ್ವಿ, ಕಟ್ಟಿದ್ರು, ಬಿಚ್ಚಿದ್ರು, ಎಲುಬು ಕೂಡ್ತು, ಆದ್ರ ಕೈ ಮ್ಯಾಲೆ ಏಳಲಿಲ್ಲ. ಅನ್ನ ಬಾಯಿಗೆ ಹೋಗತಿತ್ತು, ಸುತ್ತಿಗಿ ತಲಿಮಟಾ ಹೋಗತಿರಲಿಲ್ಲ. ನೆರವಿಗೆ ಇದ್ದ ಆಳು ಗಂಗಾವತಿ ಅಕ್ಕಿ ಗಿರಣ್ಯಾಗ ವೆಲ್ಡಿಂಗ್ ಕೆಲಸಾ ಸಿಕ್ತು ಅಂತ ಹೋಗಿಬಿಟ್ಟ. ಕುಲುಮಿ ಅಂದ್ರ ನಿಮಗ ಗೊತ್ತಿಲ್ಲ ಈಗ, ಬೆಂಕಿ ಮುಂದ ಕುಂತು ಇಕ್ಕಳ ಹಿಡಿಯಾಂವ ಒಬ್ಬಾಂವ ಇರತಾನ, ಆಂವನ ಮೇಸ್ತ್ರಿ. ಕಾದ ಕಬ್ಬಿಣಾನ ಅಡಿಗಲ್ಲ ಮ್ಯಾಲೆ ಇಟ್ಟು ಆಂವ ತೋರಿಸಿದಲ್ಲಿ ದೊಡ್ಡ ಸುತ್ತಿಗಿ ಹೊಡಿಯಾಂವ ಇನ್ನೊಬ್ಬ. ಗಾಳಿ ಚಕ್ರ ತಿರುವಾಕ ಮತ್ತೊಬ್ರು. ಈಗ ಹೊಡಿಯೋರು ಯಾರು? ಮನ್ಯಾಗ ಇದ್ದವರು ನಾನು, ನಮ್ಮ ಅತ್ತಿ, ಜೋಲ್ಯಾಗ ನಿಮ್ಮಪ್ಪ. ನಮ್ಮ ಅತ್ತಿ ಚಕ್ರದ ಮುಂದ ಕುಂತ್ಲು, ನನ್ನ ಕಡಿ ನೋಡಿ ಅಂದ್ಲು: "ಈರಮ್ಮಾ, ನಾನೂ ನಿನ್ನ ವಯಸ್ಸಿನ್ಯಾಗ ಹೊಡದೀನಿ. ಸೆರಗು ಟೊಂಕಕ್ಕ ಸಿಗಿಸು, ತಗೋ." ಅಷ್ಟ. ಮರುದಿನದಿಂದ ನಾ ಸುತ್ತಿಗಿ ಹಿಡದೆ. ಮೊದಲು ಅಂಗೈ ಎಲ್ಲಾ ಬೊಬ್ಬಿ ಎದ್ವು, ರೊಟ್ಟಿ ಬಡಿಯಾಕೂ ಬರತಿರಲಿಲ್ಲ. ಆಮ್ಯಾಲೆ ಆಮ್ಯಾಲೆ ಕೈ ಗಟ್ಟಿ ಆತು. ಹೊಡತಾನೂ ಚುಕ್ಕಿ ಇಟ್ಟಂಗ ಬೀಳಾಕ ಹತ್ತಿತು. ದಾರ್ಯಾಗ ಹೋಗೋರು ನಿಂತು ನೋಡತಿದ್ರು, ಹೆಣ್ಣಾಳು ಸುತ್ತಿಗಿ ಹಿಡದಾಳ, ಇನ್ನೇನು ಕೆಲಸಾ ಚೊಲೋ ಆಗತೈತಿ ಅಂತ ಕೆಲವ್ರು ಯಲಬುರ್ಗಾದ ವೆಲ್ಡಿಂಗ್ ಅಂಗಡಿಗೆ ಹೋಗಾಕ ಶುರು ಮಾಡಿದ್ರು. ಅದು ನಿಮ್ಮ ಮುತ್ಯಾಗ ಭಾಳ ಹತ್ತತಿತ್ತು. ಬೆಂಕಿ ನೋಡಕೋತ ಕುಂದರತಿದ್ರು.

ಎಲ್ಲಿದ್ದೆ? ಹಾಂ, ನೀರು. ಈ ನಳ ಐತಲ್ಲ ಕಟ್ಟಿ ಮುಂದ, ನೀವು ಹಲ್ಲು ತಿಕ್ಕೋ ಮುಂದ ಸುಮ್ಮನ ಬಿಟ್ಟು ನಿಂದರತೀರಲ್ಲ, ಇದು ಆಗ ಇರಲಿಲ್ಲ. ಊರ ಕೆಳಗಿನ ಓಣಿಗೆ ಟಾಕಿ ನೀರು ಬರತಿತ್ತು, ನಮ್ಮದು ದಿನ್ನಿ ಓಣಿ, ಎತ್ತರದಾಗ ಐತಿ, ಇಲ್ಲಿಗೆ ಏರತಿರಲಿಲ್ಲ. ಹಳ್ಳದ ದಂಡಿ ಬಾವಿಗೆ ಇಳದು ತಲಿ ಮ್ಯಾಲೊಂದು ಕೊಡ, ಟೊಂಕದಾಗೊಂದು ಕೊಡ ಹೊತ್ತು ಈ ಏರು ಏರಬೇಕು. ನಿಮ್ಮಪ್ಪ ಹೊಟ್ಟ್ಯಾಗ ಇದ್ದಾಗೂ ಹೊತ್ತೀನಿ. ನಮ್ಮ ಅತ್ತಿ ಮೊಣಕಾಲು ಆ ಏರನ್ಯಾಗ ಸವದು ಹೋದ್ವು. ಆಮ್ಯಾಲೆ ಪಂಚಾಯತಿಯವರು ಹಳ್ಳದ ದಂಡಿಗೆ ಬೋರು ಕೊರಿಸಿದ್ರು, ದಿನ್ನಿಗೂ ಪೈಪು ಹಾಕೂಣು ಅಂದ್ರು. ಪೈಪಿನ ಕೆಲಸದ ಸಾಹೇಬ್ರು ಬಂದ್ರು, ಒಳ್ಳೆಯವ್ರು, ಮೋಟರ್ ಸೈಕಲ್ ಕೆಳಗ ಬಿಟ್ಟು ನಡಕೋತ ಏರಿ ಬಂದು ನೋಡಿದ್ರು. ಅವರು ಏನಂದ್ರು, ಪೈಪು ಕೊಡತೀವಿ, ಜೋಡಸೋ ಮಂದೀನೂ ಕಳಸತೀವಿ, ತಗ್ಗು ಮಾತ್ರ ಓಣಿಯವ್ರು ತೋಡಿಕೊಳ್ಳಬೇಕು. ಜೋಡಸೋ ಮಂದಿ ಈಗ ಕುಷ್ಟಗಿ ಕಡಿ ಅದಾರ, ಅಲ್ಲಿ ಮುಗದ ಕೂಡ್ಲೆ ಬರತಾರ. ಅವರು ಬಂದಾಗ ತಗ್ಗು ತಯಾರಿಲ್ಲ ಅಂದ್ರ ಪೈಪು ಎತ್ತಿಕೊಂಡು ಮುಂದಿನ ಊರಿಗೆ ಒಯ್ಯಬೇಕಾಗತೈತಿ, ನನ್ನ ಕೈಯಾಗ ಏನೂ ಇಲ್ಲ ಅಂದ್ರು. ಪೈಪು ಬಂದು ಬಿದ್ವು, ಓಣಿ ತುದಿಗೆ, ಕರ್ರಗ, ಉದ್ದುದ್ದ. ಹೆಣ್ಣುಮಕ್ಕಳೆಲ್ಲಾ ಹೋಗಿ ಮುಟ್ಟಿ ನೋಡಿ ಬಂದ್ವಿ.

ಗಂಡಸರೆಲ್ಲಾ ಪಿಕಾಸಿ ಹಿಡಕೊಂಡು ಹೋದ್ರು. ಮ್ಯಾಲೆ ನಾಕು ಬೆರಳು ಕೆಂಪು ಮಣ್ಣು ಹಣ್ಣಿನಂಗ ಬಂತು. ಅದರ ಕೆಳಗ ಗರಸು. ಗರಸು ಅಂದ್ರ ಅದು ಮಣ್ಣೂ ಅಲ್ಲ, ಕಲ್ಲೂ ಅಲ್ಲ, ಎರಡೂ ಕೂಡಿ ಹೆಪ್ಪುಗಟ್ಟಿದಂಥಾದ್ದು. ಪಿಕಾಸಿ ಹೊಡದ್ರ ಕಿಡಿ ಬರತೈತಿ, ಮುಷ್ಟಿಯಷ್ಟು ಏಳತೈತಿ. ಬೆಳಗಿಂದ ಸಂಜಿಮಟಾ ತೋಡಿದ್ರ ಒಬ್ಬ ಮನಷ್ಯಾ ಮಲಗೋವಷ್ಟು ಉದ್ದಾನೂ ಆಗತಿರಲಿಲ್ಲ. ಹಳ್ಳದಿಂದ ಇಲ್ಲೀಮಟಾ ಎಷ್ಟು ದೂರ ಐತಿ ನೀವ ನೋಡೀರಿ. ಮಿಷನ್ನು ತರಸೂಣು ಅಂದ್ರ ಆಗೆಲ್ಲಾ ಅವು ಕಾಲುವಿ ಕೆಲಸದ ಮ್ಯಾಲೆ ಗಂಗಾವತಿ ಕಡಿ ಇರತಿದ್ವು, ಈ ದಿನ್ನಿಗೆ ಯಾರು ಕಳಸತಾರ. ದಿನಾ ಸಂಜಿಗೆ ಬಾಯಿ ಹೋದ ಪಿಕಾಸಿ ಎಲ್ಲಾ ನಮ್ಮ ಕುಲುಮಿ ಮುಂದ ಬಂದು ಬೀಳತಿದ್ವು. ಬಾಯಿ ಕಾಸಿ, ಬಡದು, ಚೂಪು ಮಾಡಿ ಕೊಡೂದು, ಮರುದಿನ ಮತ್ತ ಮೊಂಡ ಆಗಿ ಬರೂದು. ಹಿಂಗ ಹೊಡಕೋತ ಹೊಡಕೋತ ನನಗೊಂದು ವಿಚಾರ ಬಂತು. ಈ ಪಿಕಾಸಿ ಮನಷ್ಯಾನ ರಟ್ಟಿಯಿಂದ ಇಷ್ಟ ಒಳಗ ಹೋಗತೈತಿ. ಇಂಥಾದ್ದ ಒಂದು, ಆದ್ರ ದೊಡ್ಡದು, ಟ್ರ್ಯಾಕ್ಟರ್ ಎಳದ್ರ? ಮಣ್ಣು ಎತ್ತೂದು ಬ್ಯಾಡ, ಬರೇ ಸೀಳಿಕೊಟ್ರ ಸಾಕು, ಎತ್ತಾಕ ಸಲಿಕಿ ಬುಟ್ಟಿ ಹಿಡದು ನಾವದೀವಿ. ಸುತ್ತಿಗಿ ಕೆಳಗ ಇಟ್ಟು ನಿಮ್ಮ ಮುತ್ಯಾಗ ಹೇಳಿದೆ. ಅವರು ಇಕ್ಕಳದಾಗಿನ ಕಬ್ಬಿಣ ಬಾಜೂಕ ಇಟ್ರು. ಆಮ್ಯಾಲೆ ಒಂದು ಇದ್ದಲಿ ತುಣುಕು ತಗೊಂಡು ನೆಲದ ಮ್ಯಾಲೆ ಬರಿಯಾಕ ಹತ್ತಿದ್ರು. ಭುಜಕ್ಕ ಪೆಟ್ಟು ಬಿದ್ದ ಮ್ಯಾಲೆ ಅವರು ಹಂಗ ಬರದಿದ್ದು ನಾ ನೋಡಿರಲಿಲ್ಲ.

ಊರಾಗ ಟ್ರ್ಯಾಕ್ಟರ್ ಇದ್ದಿದ್ದು ಗೌಡ್ರದು ಒಂದ. ಓಡಸಾಂವ ಹುಸೇನಸಾಬ. ನಾನು, ನಿಮ್ಮ ಮುತ್ಯಾ ಇಬ್ಬರೂ ಹೋಗಿ ಗೌಡ್ರನ್ನ ಕೇಳಿದ್ವಿ. ಗೌಡ್ರು ಹಿಂದ ಒಮ್ಮೆ ತಮ್ಮ ಹೊಲದ ಗರಸಿನ್ಯಾಗ ಕಲ್ಟಿವೇಟರ್ ಇಳಿಸಿ ಅದರ ಕೊಂಡಿ ಎಲ್ಲಾ ಬಾಗಿಸಿಕೊಂಡಿದ್ರು, ಆ ಮುರುಕು ಚೌಕಟ್ಟು ದನದ ಮನಿ ಹಿಂದ ಬಿದ್ದಿತ್ತು. ಅದನ್ನ ಬೇಕಾದ್ರ ಒಯ್ರಿ ಅಂದ್ರು. ಟ್ರ್ಯಾಕ್ಟರ್ ಅಂದ್ರ ಮಾತ್ರ ನಿಮ್ಮ ಮುತ್ಯಾನ ಮುಖಾ ನೋಡಿ ತಲಿ ಅಲ್ಲಾಡಿಸಿದ್ರು. "ಕಾಳಪ್ಪ, ನಿನ್ನ ಹಲ್ಲು ಒಳಗ ಹೋಗಿ ಬಂಡಿಗೆ ಸಿಕ್ಕೊಂತು ಅಂತ ತಿಳಕೋ. ನನ್ನ ಗಾಡಿ ಹಿಂದಿಂದ ಹರದು ಹೋಗತೈತಿ. ಆಮ್ಯಾಲೆ ನಾ ಏನು ಎತ್ತು ಹುಡುಕಲಾ?" ಅವರು ಅಂದಿದ್ದೂ ಖರೇನ ಇತ್ತು. ಬಂಡಿ ಅಂದ್ರ ಎತ್ತಿನ ಬಂಡಿ ಅಲ್ಲೋ, ನೆಲದಾಗಿನ ಬಂಡಿಗಲ್ಲು. ಆಗ ನಿಮ್ಮ ಮುತ್ಯಾ ಒಂದು ಮಾತು ಹೇಳಿದ್ರು, ಅದು ಅವರ ತಲಿ, ನನ್ನದಲ್ಲ, ಅದನ್ನ ನಾ ಹೇಳಬೇಕು. ಹಲ್ಲಿಗೆ ಎರಡು ಬೋಲ್ಟು ಹಾಕತೀನ್ರಿ ಗೌಡ್ರ, ಮ್ಯಾಲೆ ದಪ್ಪಂದು, ಕೆಳಗ ಸಣ್ಣದು. ಕಲ್ಲಿಗೆ ಬಡಿತು ಅಂದ್ರ ಸಣ್ಣ ಬೋಲ್ಟು ಕತ್ತರಿಸಿ ಹೋಗತೈತಿ, ಹಲ್ಲು ಹಿಂದಕ್ಕ ಮಡಚಿಕೊಂಡು ಬಿಡತೈತಿ, ನಿಮ್ಮ ಟ್ರ್ಯಾಕ್ಟರಿಗೆ ಏನೂ ಆಗಂಗಿಲ್ಲ ಅಂದ್ರು. ಗೌಡ್ರು ಹುಸೇನಸಾಬನ ಮುಖಾ ನೋಡಿದ್ರು. ಹುಸೇನಸಾಬ ತಾನ ಬಾವಿ ನೀರು ಕುಡಿಯಾಂವ, ಅವನ ಮನಿನೂ ದಿನ್ನಿ ಓಣ್ಯಾಗನ. "ಹೊಡೀತೀನಿ ಗೌಡ್ರ, ನನ್ನ ಜಿಮ್ಮಾ" ಅಂದ.

ಹಲ್ಲಿಗೆ ಉಕ್ಕು ಬೇಕಲ್ಲ. ಮೆತ್ತನ ಕಬ್ಬಿಣ ನಡಿಯಂಗಿಲ್ಲ. ಲಾರಿ ಕೆಳಗ ಕಮಾನಿನಂಗ ಬಾಗಿದ ಪಟ್ಟಿ ಇರತಾವ ನೋಡ್ರಿ, ಭಾರ ಹೊತ್ತು ಹೊತ್ತು ಪಳಗಿದ ಉಕ್ಕು, ಅವು ಬೇಕು. ನಾನ ಕೊಪ್ಪಳಕ್ಕ ಹೋದೆ, ಗುಜರಿ ಅಂಗಡ್ಯಾಗ ಎರಡು ಪಟ್ಟಿ ಆರಿಸಿದೆ... ಹಾಂ? ಏನಂತಾರ ಒಳಗಿಂದ? ಮೂರಂತ. ಹೌದು ಹೌದು, ಮೂರು, ಅವರಿಗೆ ನಿದ್ದಿ ಹತ್ತಿಲ್ಲ, ಕಿವಿ ಇಲ್ಲೆ ಐತಿ. ಮೂರು ಪಟ್ಟಿ. ಅವನ್ನ ಹೊರಾಕ ಬೇಕಂತ ನಿಮ್ಮಪ್ಪನ ಕೌದಿ ಒಯ್ದಿದ್ದೆ, ಅದರಾಗ ಸುತ್ತಿ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಕುಂತೆ. ಕಂಡಕ್ಟರು ಬಂದ, ಬಸ್ಸು ಭಾಳ ತುಂಬಿತ್ತು, "ಯಕ್ಕಾ, ಕೂಸಿನ್ನ ಈ ಕಡಿ ಸರಿಸಿ ಹಿಡಕೋ, ಕಾಲು ದಾರ್ಯಾಗ ಬಂದಾವ" ಅಂತ ತಾನ ಕೈ ಹಚ್ಚಿ ಎತ್ತಾಕ ಹೋದ. ಏಳಲಿಲ್ಲ. ಅವನ ಮುಖಾ ನೋಡಬೇಕಿತ್ತು ನೀವು. ಬಸ್ಸಿನ್ಯಾಗ ಇದ್ದವರೆಲ್ಲಾ ನಕ್ಕರು, ಅವನೂ ನಕ್ಕ, ನಕ್ಕೋತ ಲಗೇಜ ಟಿಕೆಟ್ ಹರದು ಕೈಯಾಗ ಇಟ್ಟ. ಬಿಡಲಿಲ್ಲ ಮತ್ತ.

ಆ ಪಟ್ಟಿ ಕಾಸಿ ಕಾಸಿ ನೆಟ್ಟಗ ಮಾಡಿದ್ವಿ. ಮೂರನ್ನೂ ಒಂದಕ್ಕೊಂದು ಹಚ್ಚಿ, ಕೆಂಪಗಿದ್ದಾಗ ತೂತು ಹೊಡದು, ರಿವೆಟ್ ಹಾಕಿ ಬಿಗದ್ವಿ. ನಮ್ಮಲ್ಲಿ ವೆಲ್ಡಿಂಗ್ ಮಿಷನ್ನು ಇಲ್ಲ, ಇದ್ರೂ ಕುಲುಮಿಗೆ ಕರೆಂಟು ಎಲ್ಲಿತ್ತು. ಅದರ ತುದೀನ ಬಡದು ಬಡದು ಪಿಕಾಸಿ ಬಾಯಿಯಂಗ ಚೂಪು ಎಳದ್ವಿ. ಗೌಡ್ರ ಮುರುಕು ಚೌಕಟ್ಟಿನ ನಡುವ ಅದನ್ನ ನಿಂದರಿಸಿದ್ವಿ, ನಿಮ್ಮ ಮುತ್ಯಾ ಹೇಳಿದಂಗ ದಪ್ಪ ಬೋಲ್ಟು, ಸಣ್ಣ ಬೋಲ್ಟು. ಅವರು ಎಡಗೈಲೆ ಇಕ್ಕಳ ಹಿಡಿಯೂದು, ಕಣ್ಣಿಲೆ ತೋರಿಸೂದು, ನಾ ಹೊಡಿಯೂದು. ಬಾಯಿಲೆ ಹೇಳಬೇಕಂತಿರಲಿಲ್ಲ. ಕಡಿಗೆ ಬಾಯಿ ಕೆಂಪಗ ಕಾಸಿ, ಇಡೀ ತುದೀನ ನೀರು ತುಂಬಿದ ಕಲ್ಲಿನ ದೋಣ್ಯಾಗ ಮುಳುಗಿಸಿ, ಚೊಂಯ್ ಅಂತು, ನೀರು ಕುಡಿಸಿದ್ರು. ಕಬ್ಬಿಣ ಗಟ್ಟಿ ಆಗಲಿ ಅಂತ ಹಂಗ ಮಾಡತಾರ, ಕುಡಗೋಲಿಗೆ ಕೊಡ್ಲಿಗೆ ಅವರು ಹಂಗ ಮಾಡತಿದ್ರು.

ಮರುದಿನ ಮುಂಜಾನೆ ಓಣಿಗೆ ಓಣಿನ ಹಳ್ಳದ ದಂಡಿಗೆ ಇಳದಿತ್ತು. ಹುಸೇನಸಾಬ ಟ್ರ್ಯಾಕ್ಟರ್ ತಂದ, ಕಟ್ಟಿದ್ವಿ, ಇಳಿಸಿದ. ಹಲ್ಲು ಒಳಗ ಹೋಗಲೇ ಇಲ್ಲ. ನೆಲದ ಮ್ಯಾಲೆ ಗೀರು ಎಳಕೋತ ಹೊಂಟಿತು, ಬೆಕ್ಕು ಪರಚಿದಂಗ. ನಿಮ್ಮ ಮುತ್ಯಾ ನೆಲಕ್ಕ ಅಡ್ಡಬಿದ್ದು ನೋಡಿದ್ರು, ಹಲ್ಲು ಭಾಳ ನೆಟ್ಟಗ ನಿಂತೈತಿ, ಮೂತಿ ಮುಂದಕ್ಕ ಚಾಚಬೇಕು, ನೆಲಾ ಉಳಾಕ ರಂಟಿ ಹೂಡೋ ಮುಂದ ಅದರ ಮೂತಿ ಹೆಂಗಿರತೈತಿ ಹಂಗ ಅಂದ್ರು. ಅಲ್ಲೇ ತೂತು ಬದಲಿಸಿ ಓರೆ ಮಾಡಿದ್ವಿ. ಈಗ ಒಳಗ ಹೋತು, ಆದ್ರ ಟ್ರ್ಯಾಕ್ಟರಿನ ಮುಂದಿನ ಗಾಲಿ ಮ್ಯಾಲೆ ಎದ್ವು, ಹುಸೇನಸಾಬ ಕುದುರಿ ಏರಿದಂಗ ಕಂಡ. ಮುಂದ ಮೂತಿ ಮ್ಯಾಲೆ ಕಲ್ಲಿನ ಚೀಲ ಕಟ್ಟಿದ್ವಿ. ಮೂರನೇ ಸಲ ಎಳದ. ಗರಸು ಸೀಳತು ನೋಡ್ರಿ! ಹೆಣ್ಣುಮಕ್ಕಳೆಲ್ಲಾ ಹೋ ಅಂದ್ವಿ. ಈ ಕಟ್ಟಿಯಿಂದ ಆ ಬೇವಿನ ಗಿಡದಮಟಾ ಹೋಗಿರಬಹುದು, ಅಷ್ಟ, ಕಡಕ್ ಅಂತು. ಸಣ್ಣ ಬೋಲ್ಟು ಅಂತ ಓಡಿ ನೋಡಿದ್ರ ಬೋಲ್ಟು ಹಂಗ ಐತಿ, ಹಲ್ಲಿನ ಬಾಯಿನ ಮುರದು ನೆಲದಾಗ ಉಳದೈತಿ. ಕಲ್ಲಿಗೂ ಬಡದಿರಲಿಲ್ಲ ಅದು, ಬರೇ ಗರಸಿಗೆ ಮುರೀತು. ನಮ್ಮ ಓಣಿ ಮಲ್ಲಪ್ಪ ಒಬ್ಬ ಇದ್ದ, ಬಾಯಿ ಭಾಳ ಅವಂದು. "ಕಂಬಾರನ ಹಲ್ಲು ಉದುರಿತಲ್ಲೋ" ಅಂದ. ಮಂದಿ ನಕ್ಕರು. ನಕ್ಕು ಮತ್ತ ಪಿಕಾಸಿ ಹೆಗಲ ಮ್ಯಾಲೆ ಇಟಗೊಂಡು ಹೋದ್ರು. ನಿಮ್ಮ ಮುತ್ಯಾ ಮನಿಗೆ ಹೋಗಿ ಬಾಗಲ ಕಡಿ ಬೆನ್ನು ಮಾಡಿ ಕುಂತ್ರು. ಅವತ್ತ ಸಾಹೇಬ್ರ ಕಡಿಯಿಂದ ಸುದ್ದಿನೂ ಬಂತು, ಕುಷ್ಟಗಿ ಕೆಲಸ ಮುಗಿಯಾಕ ಬಂದೈತಿ ಅಂತ.

ನಾನು ಮುರದ ತುಣುಕು ನೆಲದಿಂದ ಕಿತ್ತು ಉಡ್ಯಾಗ ಹಾಕ್ಕೊಂಡು ಬಂದಿದ್ದೆ. ಬಿಸಲಿಗೆ ಹಿಡದು ನೋಡಿದೆ. ಮುರದಲ್ಲಿ ಹೊಳಿಹೊಳಿ ಸಕ್ಕರಿ ಕಾಳಿನಂಗ ಕಾಣತಿತ್ತು. ಅದನ್ನ ನೋಡಿದ ಕೂಡ್ಲೆ ನಮ್ಮಪ್ಪ ನೆನಪಾದ. ನನ್ನ ತವರುಮನಿ ಕುಷ್ಟಗಿ ಕಡಿ, ಅಲ್ಲಿ ಕಲ್ಲಿನ ಕ್ವಾರಿ ಭಾಳ ಅದಾವ, ನಮ್ಮಪ್ಪ ಕ್ವಾರ್‍ಯಾಗ ಉಳಿ, ಚಾಣ ಹದಾ ಮಾಡತಿದ್ದ. ಕಲ್ಲು ಒಡಿಯೋ ಚಾಣ ಬ್ಯಾರೆ, ಜ್ವಾಳ ಕೊಯ್ಯೋ ಕುಡಗೋಲು ಬ್ಯಾರೆ. ಒಳಗ ಸಕ್ಕರಿ ಕಂಡ್ರ ಅದು ಅತಿ ಗಟ್ಟಿ ಆಗೈತಿ ಮಗಳ, ಗಟ್ಟಿ ಆದದ್ದಕ್ಕ ತಾಳಿಕಿ ಇರಂಗಿಲ್ಲ, ಅದಕ್ಕ ಒಂಚೂರು ಮೆತ್ತಗ ಮಾಡಬೇಕು ಅಂತಿದ್ದ ನಮ್ಮಪ್ಪ. ಕಮಾನಿನ ಉಕ್ಕಿಗೆ ನೀರು ಆಗಂಗಿಲ್ಲ, ಎಣ್ಣಿ ಬೇಕು ಅಂತಿದ್ದ. ನಾ ಸಣ್ಣಾಕಿದ್ದಾಗ ಅವನ ಬಾಜೂಕ ಕುಂತು ದಿನಾ ನೋಡತಿದ್ದೆ. ನೋಡಿದ್ದೆ ಅಷ್ಟ, ಒಮ್ಮೆನೂ ಮಾಡಿರಲಿಲ್ಲ. ಕುಲುಮ್ಯಾಗ ಹದಾ ಮಾಡೂದು ಅಂದ್ರ ಅದು ಮೇಸ್ತ್ರಿ ಕೆಲಸ, ಬ್ಯಾರೆಯವರು ಇಕ್ಕಳ ಮುಟ್ಟಂಗಿಲ್ಲ. ಅಂಥಾದ್ರಾಗ ಹೆಂಡತಿ ಗಂಡಗ ಹೋಗಿ ನೀವು ನೀರು ಕುಡಿಸಿದ್ದು ತಪ್ಪಾಗೈತ್ರಿ ಅಂತ ಹೆಂಗ ಹೇಳೂದು? ಅದೂ ಆ ದಿನ, ಅಷ್ಟು ಮಂದಿ ನಕ್ಕ ದಿನ. ನಾ ತುಣುಕು ಕೈಯಾಗ ಹಿಡಕೊಂಡು ಒಳಗ ಹೋಗೂದು, ಹೊರಗ ಬರೂದು ಮಾಡಾಕತ್ತಿದ್ದೆ. ನಮ್ಮ ಅತ್ತಿ ನೋಡಿ ನೋಡಿ ಅಂದ್ಲು, ಏನೈತಿ ಹೇಳಬಾರದ, ಆಂವ ಏನು ನಿನ್ನ ನುಂಗತಾನೇನು ಅಂತ.

ಹೇಳಿದೆ. ಎದುರಿಗೆ ಕುಂತು ತುಣುಕು ತೋರಿಸಿ, ನಮ್ಮಪ್ಪ ಹಿಂಗ ಮಾಡತಿದ್ದ, ಹಿಂಗ ಮಾಡತಿದ್ದ ಅಂತ ಪೂರಾ ಹೇಳಿದೆ. ಅವರು ತುಣುಕು ತಗೊಂಡು ತಿರುಗಿಸಿ ಮುರುಗಿಸಿ ನೋಡಿದ್ರು, ಬೆರಳಿಲೆ ಆ ಸಕ್ಕರಿ ಕಾಳು ಮುಟ್ಟಿ ನೋಡಿದ್ರು. ಆಮ್ಯಾಲೆ ಎದ್ದು ಕುಲುಮಿಗೆ ಹೋದ್ರು, ನಾನೂ ಹಿಂದ ಹೋದೆ. ಇಕ್ಕಳ ತಗೊಂಡು ನನ್ನ ಕಡಿ ಚಾಚಿದ್ರು.

"ನಾ ಅದನ್ನ ಕಂಡಿಲ್ಲ, ನೀ ಕಂಡೀ. ನೀನ ಹಿಡಿ" ಅಂದ್ರು.

"ನಂಗ ಬರಲಿಲ್ಲ ಅಂದ್ರರಿ?" ಅಂದೆ.

"ನಂಗ ಬಂದಿಲ್ಲಲ್ಲ ಈಗ" ಅಂದ್ರು. ಅಂದು ಹೋಗಿ ಅತ್ತಿ ಕುಂದರೋ ಜಾಗಾದಾಗ, ಗಾಳಿ ಚಕ್ರದ ಮುಂದ, ತಾವು ಕುಂತ್ರು. ಮೇಸ್ತ್ರಿ ಹೋಗಿ ಚಕ್ರ ತಿರುವಾಕ ಕುಂತದ್ದು ಯಾವ ಕುಲುಮ್ಯಾಗೂ ನಾ ನೋಡಿಲ್ಲ, ಕೇಳಿಲ್ಲ.

ಮೊದಲು ಮುರದ ಬಾಯೀನ ಮತ್ತ ಬಡದು ಚೂಪು ಎಳಕೊಂಡ್ವಿ. ಹುಸೇನಸಾಬ ಟ್ರ್ಯಾಕ್ಟರಿಂದ ಇಳಿಸಿದ ಹಳೆ ಆಯಿಲ್ ಒಂದು ಡಬ್ಬಿ ತುಂಬ ತಂದುಕೊಟ್ಟ. ಹೊತ್ತು ಇಳಿಯಾಕ ಬಂದಿತ್ತು, ಅದ ಚೊಲೋ, ಬಿಸಲಾಗ ಕಬ್ಬಿಣದ ಬಣ್ಣ ಕಾಣಂಗಿಲ್ಲ. ಹಲ್ಲು ಬೆಂಕ್ಯಾಗ ಇಟ್ಟೆ, ಅವರು ಮೆಲ್ಲಗ ತಿರುವಿದ್ರು, ಒಂದ ಸವನ. ಬಾಯಿ ಕೆಂಪಾತು, ಮುಳುಗೋ ಸೂರ್ಯಾನಂಗ ಆದ ಕೂಡ್ಲೆ ತಗದು ಬಾಯಿ ಅಷ್ಟ ಆಯಿಲಿಗೆ ಇಳಿಸಿದೆ, ಹಿಂದಿನ ಭಾಗ ಮ್ಯಾಲೆ ಇಟ್ಟೆ. ಹೊಗಿ ಭಗ್ ಅಂತ ಎದ್ದು ಕುಲುಮಿ ತುಂಬ ಕತ್ತಲಾತು, ನಿಮ್ಮಪ್ಪ ಜೋಲ್ಯಾಗ ಎದ್ದು ಅಳಾಕ ಹತ್ತಿದ, ಅತ್ತಿ ಎತ್ತಿಕೊಂಡು ಹೊರಗ ಹೋದ್ಲು. ನಾ ಹಲ್ಲು ತಗದು, ಬಾಯೀನ ಮರಳಗಲ್ಲಿಗೆ ತಿಕ್ಕಿ ತಿಕ್ಕಿ ಬೆಳ್ಳಗ ಮಾಡಿ ಹಿಡಕೊಂಡು ನಿಂತೆ. ಈಗ ಹಿಂದಿನ ಕಾವು ನಿಧಾನ ಮುಂದಕ್ಕ ಬರತೈತಿ. ಬರಬರತ ಬಣ್ಣ ಓಡತಾವ, ಒಂದೊಂದು ಬಣ್ಣ ದಾಟಿದಂಗ ಉಕ್ಕು ಒಂಚೂರು ಮೆತ್ತಗಾಗತೈತಿ. ಮೊದಲ ಒಣ ಕಣಕಿಯಂಗ ಹಳದಿ ಬಣ್ಣ ಬಂತು, ನಮ್ಮಪ್ಪ ಚಾಣಕ್ಕಾದ್ರ ಅಲ್ಲೇ ನಿಂದರಸತಿದ್ದ. ನಾ ನಿಂದರಸಲಿಲ್ಲ. ಇದು ಒಂದ ಪೆಟ್ಟು ತಿನ್ನೋ ಚಾಣಲ್ಲ, ದಿನಗಟ್ಟಲೆ ಎಳಸಿಕೊಳ್ಳೋ ಹಲ್ಲು, ಇದಕ್ಕ ಇನ್ನಷ್ಟು ತಾಳಿಕಿ ಬೇಕು ಅಂತ ನನ್ನ ಮನಸ್ಸು ಹೇಳತಿತ್ತು. ಕಂದು ಆತು. ಬದನಿಕಾಯಿ ಬಣ್ಣ ಆತು. ನಿಮ್ಮ ಮುತ್ಯಾ ಚಕ್ರ ಬಿಟ್ಟು ಎದ್ದು ಬಂದು ಬಾಜೂಕ ನಿಂತಾರ, ಸಾಕು ಅಂತ ಬಾಯಿತನಕ ಬಂದಿರತೈತಿ ಅವರಿಗೆ, ಅನ್ನಲಿಲ್ಲ. ನವಿಲಿನ ಕುತಗಿ ನೀಲಿ ಇನ್ನೇನು ತುದಿಗೆ ಮುಟ್ಟಬೇಕು ಅನ್ನೋದರಾಗ ಇಡೀ ಹಲ್ಲು ಆಯಿಲಿನ್ಯಾಗ ಅದ್ದಿಬಿಟ್ಟೆ.

ಬೆಳಿಗ್ಗೆ ಮಂದಿ ಬರಲಿಲ್ಲ. ನಾವು ಮೂವರ, ನಾನು, ಅವರು, ಹುಸೇನಸಾಬ. ಹುಸೇನಸಾಬ ಬಿಸ್ಮಿಲ್ಲಾ ಅಂದು ಗೇರು ಹಾಕಿದ. ಹಲ್ಲು ಕೆಳಗ ಇಳೀತು. ದಪ್ಪ ಗೋಣಿಚೀಲ ಹರದಂಗ ಸಪ್ಪಳ ಬಂತು ನೋಡ್ರಿ, ಆ ಸಪ್ಪಳ ನಾ ಸಾಯೋಮಟಾ ಮರಿಯಂಗಿಲ್ಲ. ಗರಸು ಹೆಂಟಿಹೆಂಟಿ ಆಗಿ ಎರಡೂ ಬಾಜೂಕ ಮಗ್ಗಲಾತು. ಬೇವಿನ ಗಿಡ ದಾಟಿತು. ಮುರೀಲಿಲ್ಲ. ಹಂಗ ಏರು ಹತ್ತಿತು. ಹುಸೇನಸಾಬ ಹಿಂದಕ್ಕ ನೋಡಿಕೋತ ಓಡಸತಿದ್ದ, ಮುಂದ ನೋಡೋ ಅಂತ ನಾ ಬೈದೆ. ಸಪ್ಪಳ ಕೇಳಿ ಒಬ್ಬೊಬ್ಬರ ಬಾಗಲಿಗೆ ಬಂದ್ರು, ಬಾಗಲಿಂದ ದಿನ್ನಿ ಇಳದು ಬಂದ್ರು. ಒಮ್ಮೆ ಹೋಗಿ ಬಂದ್ರ ಒಂದು ಗೇಣು ಸಡಿಲ ಆಗತಿತ್ತು. ಅದನ್ನ ಸಲಿಕಿಲೆ ಎತ್ತಿ ಬಾಜೂಕ ಹಾಕೂದು, ಮತ್ತ ಅದ ಸಾಲಿನ್ಯಾಗ ಹಲ್ಲು ಇಳಿಸೂದು. ಗಂಡಸರು ಸಲಿಕಿ, ಹೆಣ್ಣುಮಕ್ಕಳು ಬುಟ್ಟಿ. ಮಲ್ಲಪ್ಪನೂ ಬಂದ, ಮಾತಾಡಲಾರದ ಎಲ್ಲರಕ್ಕಿಂತ ಹೆಚ್ಚು ಸಲಿಕಿ ಹೊಡದ, ಖರೇ ಹೇಳಬೇಕು. ನಡು ಏರಿನ್ಯಾಗ ಟಕ್ ಅಂತು, ಟ್ರ್ಯಾಕ್ಟರ್ ಜಿಗದಂಗಾಗಿ ನಿಂತಿತು. ಗೌಡ್ರು ಅಲ್ಲೇ ಇದ್ರು, ಧೋತರ ಎತ್ತಿಕೊಂಡು ಓಡಿ ಬಂದ್ರು. ಸಣ್ಣ ಬೋಲ್ಟು ಕತ್ತರಿಸಿ ಹೋಗಿತ್ತು, ಹಲ್ಲು ಹಿಂದಕ್ಕ ಮಡಚಿಕೊಂಡಿತ್ತು, ಕೆಳಗ ಬಂಡಿಗಲ್ಲು. ಟ್ರ್ಯಾಕ್ಟರಿಗೆ ಒಂದು ಗೀರೂ ಇಲ್ಲ. ಗೌಡ್ರು ಸುತ್ತ ತಿರುಗಿ ನೋಡಿ ನೋಡಿ ನಿಮ್ಮ ಮುತ್ಯಾನ ಬೆನ್ನು ಚಪ್ಪರಿಸಿದ್ರು, ಅದೂ ಪೆಟ್ಟು ಬಿದ್ದ ಭುಜದ ಮ್ಯಾಲೆ. ಅವರಿಗೆ ನೋವಾಗಿರಬೇಕು, ಆದ್ರ ನಕ್ಕರು. ಎಷ್ಟೋ ದಿನದ ಮ್ಯಾಲೆ ನಕ್ಕರು.

ಜೋಡಸೋ ಮಂದಿ ಬಂದಾಗ ಇನ್ನೂ ಓಣಿ ತುದೀದು ಸ್ವಲ್ಪ ಬಾಕಿ ಇತ್ತು. ಅವರು ಲಾರಿ ತಗೊಂಡು ಬಂದಿದ್ರು, ಪೈಪು ಎತ್ತಿ ಒಯ್ಯಾಕ ಅಂತನ ಬಂದಿದ್ರು ಅನಸತೈತಿ. ಸಾಹೇಬ್ರು ತಗ್ಗಿನ ದಂಡಿಗುಂಟ ಕೆಳಗಿನಿಂದ ನಡಕೋತ ಬಂದ್ರು, ಇಳದು ಆಳ ನೋಡಿದ್ರು, ಬೆವರು ಒರಸಿಕೊಂಡು, ಯಾವ ಮಿಷನ್ನು ತರಸಿದ್ರಿ ಅಂತ ಕೇಳಿದ್ರು. ಎಲ್ಲರೂ ನಿಮ್ಮ ಮುತ್ಯಾನ ಕಡಿ ನೋಡಿದ್ರು. ಅವರು ನನ್ನ ಕಡಿ ಕೈ ಮಾಡಿದ್ರು. ಅಷ್ಟು ಮಂದಿ ನಡುವ ನನಗ ಎಲ್ಲಿ ನೋಡಬೇಕು ತಿಳೀಲಿಲ್ಲ, ಮುಖದ ಮ್ಯಾಲೆ ಮಸಿ, ಸೆರಗು ಟೊಂಕದಾಗ. ಸಾಹೇಬ್ರು ಲಾರಿ ಮಂದಿಗೆ ಪೈಪು ತಗ್ಗಿನ್ಯಾಗ ಇಳಿಸಿ ಜೋಡಸಾಕ ಶುರು ಮಾಡ್ರಿ ಅಂದ್ರು. ಅವರು ಕೆಳಗಿನಿಂದ ಜೋಡಸಕೋತ ಬಂದ್ರು, ಹುಸೇನಸಾಬ ಮ್ಯಾಲೆ ಉಳದದ್ದು ಸೀಳಿ ಮುಗಿಸಿದ. ನೀರು ಬಿಟ್ಟ ದಿನ ಮೊದಲು ಬರೇ ಗಾಳಿ ಬಂತು, ಆಮ್ಯಾಲೆ ಕೆಂಪು ನೀರು, ಆಮ್ಯಾಲೆ ತಿಳಿ. ನಮ್ಮ ಅತ್ತಿ ಕೊಡ ತುಂಬಿಸಿ ಎತ್ತಲೇ ಇಲ್ಲ, ತುಂಬೂದು, ಚೆಲ್ಲೂದು, ತುಂಬೂದು, ಚೆಲ್ಲೂದು. ಬೈಯಲಿಲ್ಲ ಯಾರೂ.

ಆಮ್ಯಾಲೆ ನಮ್ಮ ಕುಲುಮಿ ಬೆಂಕಿ ಆರಿಲ್ಲ ನೋಡ್ರಿ. ಯಲಬುರ್ಗಾ ಅಂಗಡಿಗೆ ಹೋದವರೂ ಹೊಳ್ಳಿ ಬಂದ್ರು. ಕುಷ್ಟಗಿ ಕಡಿಯವ್ರು ಬಂದು ಹಲ್ಲು ಮಾಡಿಸಿಕೊಂಡು ಹೋದ್ರು, ಸಾಣಾಪುರದ ಕಡಿಯವ್ರು ಬಂದ್ರು. ಗಂಗಾವತಿ ಕಡಿ ಕ್ಯಾಂಪಿನವ್ನೊಬ್ಬ ಬಂದಿದ್ದ, ಆಂಧ್ರದಿಂದ ಬಂದು ಅಲ್ಲಿ ಭತ್ತ ಬೆಳಿಯೋ ಮಂದಿ, ಬಿಳಿ ಅಂಗಿ ಹಾಕ್ಕೊಂಡು ಬಾಗಲದಾಗ ನಿಂತು ಕೇಳಿದ, "ಅಮ್ಮಾ, ಹಲ್ಲು ಮಾಡೋ ಮೇಸ್ತ್ರಿ ಎಕ್ಕಡ?" ನಾ ಅಡಿಗಲ್ಲ ಮುಂದ ಇಕ್ಕಳ ಹಿಡಕೊಂಡು ಕುಂತೀನಿ, ಆಂವ ನನ್ನ ದಾಟಿ ಒಳಗ ಹಣಿಕಿ ಹಾಕತಾನ. ನಿಮ್ಮ ಮುತ್ಯಾ ಚಕ್ರ ತಿರುವೂದು ಬಿಡಲಿಲ್ಲ, ತಲೀನೂ ಎತ್ತಲಿಲ್ಲ. "ಮೇಸ್ತ್ರಿ ಮುಂದ ನಿಂತು ಮೇಸ್ತ್ರಿ ಎಲ್ಲಿ ಅಂತೀರಲ್ರಿ, ಕುಂದರ್ರಿ, ಅಳತಿ ಹೇಳ್ರಿ ಅಕಿಗೆ" ಅಂದ್ರು. ಅವರು ಅದನ್ನ ಅಷ್ಟು ಸಾದಾ ಅಂದ್ರು, ನೀರು ಕೊಡು ಅಂದಂಗ. ನನಗ ಅವತ್ತ ಎದಿ ಹಿಂಗ ಉಬ್ಬಿತ್ತು.

ಅದಕ್ಕ ನಾ ನಿಮಗ ಹೇಳೂದು ಇಷ್ಟ. ಮನ್ಯಾಗ ಯಾವ ಕೆಲಸ ಯಾರಿಗೆ ಬರತೈತಿ, ಅದನ್ನ ಅವರ ಕೈಗೆ ಬಿಟ್ಟು ಕೊಡ್ರಿ, ದೊಡ್ಡಾಂವ ಸಣ್ಣಾಂವ, ಗಂಡು ಹೆಣ್ಣು ಅಂತ ಅಳಿಯಾಕ ಕುಂದರಬ್ಯಾಡ್ರಿ, ಬಿಟ್ಟು ಕೊಟ್ಟು ಬಾಜೂಕ ನಿಂದರ್ರಿ. ಏಳ್ರಿ ಇನ್ನ, ರೊಟ್ಟಿ ಆರಿ ತಣ್ಣಗಾದ್ವು.